ಗೋಡೆಯ ಪಸೆ, ಬೂಷ್ಟು: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆ ಹಿಡಿದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಹಳೆಯ ಮನೆಗಳ ಪಸೆಯ ಬಗ್ಗೆಯೇ ಇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮದು ಅಜ್ಜನ ಕಾಲದ ಕೆಂಪುಕಲ್ಲಿನ ಮನೆ. ಮಳೆಗಾಲದಲ್ಲಿ ಮಲಗುವ ಕೋಣೆಯ ಗೋಡೆ ನೆಲದಿಂದ ಮೂರು ಅಡಿಯವರೆಗೆ ಕಪ್ಪಾಗುತ್ತದೆ. ಗಾಳಿಯ ಮಾದರಿ ತೆಗೆದು ಬೂಷ್ಟು ಯಾವ ಜಾತಿಯದೆಂದು ಲ್ಯಾಬಿನಲ್ಲಿ ನೋಡಿಸಿ ಎನ್ನುತ್ತಾರೆ. ಮಾಡಿಸಬೇಕೇ? (ಜೆಪ್ಪು, ಮಂಗಳೂರು)

ಬೇಡ. ಕಣ್ಣಿಗೆ ಕಾಣುವ ಬೂಷ್ಟಿಗೆ ಲ್ಯಾಬಿನ ವರದಿ ಬೇಕಿಲ್ಲ. ಜಾತಿ ಯಾವುದಾದರೂ ಮಾಡಬೇಕಾದ್ದು ಒಂದೇ: ಗೋಡೆಗೆ ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ಅದನ್ನು ನಿಲ್ಲಿಸುವುದು, ಆಮೇಲೆ ತೊಳೆಯುವುದು. ಗಾಳಿಯಲ್ಲಿ ಇಷ್ಟು ಬೀಜಕಣ ಇದ್ದರೆ ಸುರಕ್ಷಿತ, ಇಷ್ಟಾದರೆ ಅಪಾಯ ಎಂದು ಎಲ್ಲರೂ ಒಪ್ಪಿದ ಮಿತಿಯೇ ಇಲ್ಲ. ಮಳೆಗಾಲದಲ್ಲಿ ನಮ್ಮ ಹೊರಗಾಳಿಯಲ್ಲೇ ಬೀಜಕಣ ತುಂಬಿರುತ್ತವೆ. ಅದೇ ಹೊತ್ತಿಗೆ ಅಂಗಳದಲ್ಲೂ ಒಂದು ಮಾದರಿ ತೆಗೆಯದಿದ್ದರೆ ಒಳಗಿನ ಎಣಿಕೆಯನ್ನು ಯಾವುದಕ್ಕೆ ಹೋಲಿಸುವುದು? ಮುಚ್ಚಳ ತೆರೆದಿಟ್ಟು ಬೂಷ್ಟು ಬೆಳೆಸುವ ತಟ್ಟೆಗಳೂ ಮಾರಾಟಕ್ಕಿವೆ. ಅವನ್ನು ಯಾವ ಮನೆಯಲ್ಲಿಟ್ಟರೂ ಏನಾದರೊಂದು ಬೆಳೆದೇ ಬೆಳೆಯುತ್ತದೆ. ವಾಸನೆ ಇದ್ದೂ ಕಲೆ ಎಲ್ಲೂ ಕಾಣದಿದ್ದಾಗ, ಅಥವಾ ವೈದ್ಯರೇ ಕೇಳಿದಾಗ ಆ ಖರ್ಚು ಮಾಡಿದರೆ ಸಾಕು.

ನೀರಿನ ದಾರಿ ಹುಡುಕಲು ಒಂದು ಪ್ಲಾಸ್ಟಿಕ್ ಹಾಳೆ ಸಾಕು. ಪಾರದರ್ಶಕ ಹಾಳೆಯಿಂದ 45 ಸೆಂ.ಮೀ. ಚೌಕದ ಎರಡು ತುಂಡು ಕತ್ತರಿಸಿ. ಒಂದನ್ನು ನೆಲದಿಂದ ಒಂದು ಅಡಿ ಎತ್ತರದಲ್ಲಿ, ಇನ್ನೊಂದನ್ನು ಐದು ಅಡಿ ಎತ್ತರದಲ್ಲಿ ಅಂಟಿಸಬೇಕು. ಸುಣ್ಣದ ಗೋಡೆಗೆ ಟೇಪ್ ಹಿಡಿಯುವುದಿಲ್ಲ. ಅಂಚು ಬರುವಲ್ಲಿ ಎದ್ದ ಸುಣ್ಣವನ್ನು ಕೆರೆದು, ಗೋಡೆಯನ್ನು ಒಣಬಟ್ಟೆಯಿಂದ ಒರೆಸಿ, ಅಗಲದ ಟೇಪಿನಿಂದ ನಾಲ್ಕೂ ಬದಿ ಗಾಳಿಯಾಡದಂತೆ ಮುಚ್ಚಿ. ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆಗೆ, ಹನಿ ಕಟ್ಟಿದ್ದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ಕೋಣೆಯ ಕಡೆಯ ಮೈ ಒದ್ದೆಯಾಗಿದ್ದರೆ ಅದು ಗಾಳಿಯ ತೇವ ತಣ್ಣನೆಯ ಗೋಡೆಗೆ ತಾಗಿ ಕಟ್ಟಿದ ಹನಿ. ಕೆಳಗಿನ ಹಾಳೆಯ ಒಳಗೆ ನೀರು, ಮೇಲಿನದು ಒಣಗಿದೆ ಎಂದಾದರೆ ನೆಲದ ನೀರು ಕಲ್ಲಿನ ಸಂದುಗಳಲ್ಲಿ ಏರುತ್ತಿದೆ. ಎರಡರ ಒಳಗೂ ನೀರಿದ್ದು ಗೋಡೆ ಪಡುವಣಕ್ಕೆ ಮುಖ ಮಾಡಿದ್ದರೆ ಗಾಳಿಮಳೆಯ ಹೊಡೆತ ಕಾರಣ. ಗೋಡೆಯ ಆಚೆ ಬಚ್ಚಲು ಇದ್ದರೆ ಒಡೆದ ಪೈಪನ್ನೂ ಅನುಮಾನಿಸಿ: ರಾತ್ರಿ ಎಲ್ಲ ನಳ್ಳಿ ಮುಚ್ಚಿ, ಮೇಲಿನ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ನೋಡಿ.

ಮೂರಡಿಗೆ ಸರಿಯಾಗಿ ನಿಂತ ಗೆರೆ ಎಂದರೆ ಹೆಚ್ಚಾಗಿ ಏರುಪಸೆಯೇ. ಹಳೆಯ ಮನೆಗಳ ಪಂಚಾಂಗದ (ಅಡಿಪಾಯದ) ಮೇಲೆ ಪಸೆ ತಡೆಯುವ ಪದರ ಹಾಕುತ್ತಿರಲಿಲ್ಲ. ಆದರೂ ಗೋಡೆ ತಾಳಿಕೊಂಡಿತ್ತು, ಏಕೆಂದರೆ ಕೆಂಪುಕಲ್ಲು ಹೀರಿದ ನೀರನ್ನು ಸುಣ್ಣದ ಗಾರೆ ಗಾಳಿಗೆ ಬಿಟ್ಟುಕೊಡುತ್ತಿತ್ತು. ಆಮೇಲೆ ಯಾರೋ ಎರಡೂ ಕಡೆ ಸಿಮೆಂಟ್ ಗಾರೆ ಮೆತ್ತಿಸಿರುತ್ತಾರೆ, ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿರುತ್ತಾರೆ. ಹೊರಹೋಗುವ ದಾರಿ ಮುಚ್ಚಿದ ನೀರು ಮೇಲಕ್ಕೇ ಏರಬೇಕು.

ಮೊದಲು ಹೊರಗೆ ಹೋಗಿ ಅಳೆಯಿರಿ. ಅಂಗಳದ ಮಟ್ಟ ಒಳನೆಲಕ್ಕಿಂತ ಕಡಿಮೆಯೆಂದರೆ 15 ಸೆಂ.ಮೀ. ಕೆಳಗಿರಬೇಕು. ಇಂಟರ್‌ಲಾಕ್ ಗೋಡೆಗೆ ತಾಗಿದ್ದರೆ ಗೋಡೆಯುದ್ದಕ್ಕೂ ಎರಡು ಅಡಿ ಅಗಲಕ್ಕೆ ಕಿತ್ತು, 15ರಿಂದ 20 ಸೆಂ.ಮೀ. ಆಳಕ್ಕೆ ಮಣ್ಣು ತೆಗೆದು, ತಳವನ್ನು ಗೋಡೆಯಿಂದ ಹೊರಕ್ಕೆ ಇಳಿಜಾರು ಮಾಡಿ 20 ಮಿ.ಮೀ. ಜಲ್ಲಿ ತುಂಬಿಸಿ. ಆದರೆ ಪಂಚಾಂಗದ ತಳ ಕಾಣುವಷ್ಟು ಆಳಕ್ಕೆ ಎಂದೂ ಅಗೆಯಬೇಡಿ. ಮಾಡಿನ ನೀರು ಅದೇ ಜಾಗಕ್ಕೆ ಬಿದ್ದು ಗೋಡೆಗೆ ಎರಚುತ್ತಿದ್ದರೆ ದಂಬೆ (ಮಾಡಿನಂಚಿನಲ್ಲಿ ನೀರು ಹಿಡಿಯುವ ದೋಣಿ) ಕಟ್ಟಿಸಿ.

ಒಳಗಿನ ಕೆಲಸ ನವೆಂಬರಿನಲ್ಲಿ. ಕಲೆಯ ಗೆರೆಗಿಂತ ಒಂದಡಿ ಮೇಲಿನವರೆಗೆ ಸಿಮೆಂಟ್ ಗಾರೆ ಕೆತ್ತಿ ತೆಗೆದು, ಕಲ್ಲಿನ ಸಂದುಗಳನ್ನು 2 ಸೆಂ.ಮೀ. ಕೆರೆದು, ಗೋಡೆಯನ್ನು ಮಾರ್ಚ್‌ವರೆಗೆ ಬರಿದೇ ಬಿಡಿ. ಒಣ ಹವೆಯಲ್ಲೂ ಗೋಡೆ ಒಣಗಲು ಒಂದು ಇಂಚಿಗೆ ಸುಮಾರು ಒಂದು ತಿಂಗಳು ಬೇಕು. ಒಂಬತ್ತು ಇಂಚಿನ ಗೋಡೆ ಎರಡೂ ಬದಿಯಿಂದ ಒಣಗಿದರೂ ನಾಲ್ಕು ತಿಂಗಳಿಗೆ ಮೇಲಾಯಿತು. ಆಮೇಲೆ ಒಂದು ಪಾಲು ಸುಣ್ಣ, ಮೂರು ಪಾಲು ಉಪ್ಪಿಲ್ಲದ ಮರಳಿನ ಗಾರೆಯನ್ನು ಎರಡು ಪದರವಾಗಿ, ಪ್ರತಿ ಪದರ 10ರಿಂದ 12 ಮಿ.ಮೀ. ದಪ್ಪಕ್ಕೆ ಬಳಿಸಿ, ವಾರವಿಡೀ ನೀರು ಚಿಮುಕಿಸಿ ತಣ್ಣಗಿಡಿ. ಬೇಗ ಬಿಗಿಯಲಿ ಎಂದು ಮೇಸ್ತ್ರಿ ಎರಡು ಬಾಂಡ್ಲಿ ಸಿಮೆಂಟ್ ಸೇರಿಸಲು ಹೊರಡುತ್ತಾರೆ. ಅಲ್ಲೇ ನಿಂತು ತಡೆಯಿರಿ, ಇಲ್ಲವಾದರೆ ಮಾಡಿದ ಖರ್ಚೆಲ್ಲ ನೀರುಪಾಲು.

ಪ್ರಶ್ನೆ: ಮನೆ ಸಮುದ್ರದಿಂದ ಅರ್ಧ ಕಿಲೋಮೀಟರ್ ದೂರ. ಮಳೆ ಬಾರದ ದಿನವೂ ಚಾವಡಿಯ ಗೋಡೆ ಬೆವರಿದಂತೆ ಒದ್ದೆ. ವಾಟರ್‌ಪ್ರೂಫ್ ಪೇಂಟ್ ಎರಡೇ ವರ್ಷದಲ್ಲಿ ಹಪ್ಪಳದಂತೆ ಎದ್ದುಬಂತು, ಅಡಿಯಲ್ಲಿ ಬಿಳಿ ಪುಡಿ. ಇದೂ ಬೂಷ್ಟೇ? (ಮಲ್ಪೆ, ಉಡುಪಿ)

ಬಿಳಿ ಪುಡಿಯ ಮೇಲೆ ಒಂದು ಹನಿ ನೀರು ಬಿಡಿ. ಕರಗಿ ಮಾಯವಾದರೆ ಉಪ್ಪು. ನಾರಿನಂತೆ ಮೆತ್ತಗಾಗಿ ಅಲ್ಲೇ ಉಳಿದರೆ ಬೂಷ್ಟು. ನಾಲಿಗೆಗೆ ಹಚ್ಚಿ ನೋಡಬೇಡಿ, ಹಳೆಯ ಪೇಂಟಿನಲ್ಲಿ ಸೀಸ ಇರಬಹುದು. ನೀವು ಬರೆದ ಲಕ್ಷಣವೆಲ್ಲ ಉಪ್ಪಿನದೇ. ಅಡುಗೆಮನೆಯ ಭರಣಿಯಲ್ಲಿ ಹರಳುಪ್ಪು ಆಟಿ ತಿಂಗಳ ಮಳೆಯಲ್ಲಿ ನೀರೊಡೆಯುತ್ತದಲ್ಲ, ಗೋಡೆಯಲ್ಲೂ ಅದೇ ಆಗುತ್ತಿದೆ. ಗಾಳಿಯ ತೇವಾಂಶ ಶೇ. 75 ದಾಟಿದರೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಂಡು ಕರಗುತ್ತದೆ, ಕೆಳಗಿಳಿದರೆ ಮತ್ತೆ ಹರಳಾಗುತ್ತದೆ. ಹರಳು ಕಟ್ಟುವಾಗಿನ ಒತ್ತಡಕ್ಕೆ ಪೇಂಟಿನ ಪೊರೆ ಎದ್ದುಬರುತ್ತದೆ. ಪೇಂಟ್ ಎಷ್ಟು ಗಟ್ಟಿಯಾಗಿದ್ದರೆ ಹಪ್ಪಳ ಅಷ್ಟು ದೊಡ್ಡದು. ಅಳಿವೆ ಕಡೆಯ ಉಪ್ಪು ಮರಳಿನಲ್ಲಿ ಗಾರೆ ಮಾಡಿದ್ದರೂ, ಕಡಲಗಾಳಿ ಹೊತ್ತು ತಂದ ಉಪ್ಪು ವರ್ಷಗಟ್ಟಲೆ ಕೂತಿದ್ದರೂ ಹೀಗಾಗುತ್ತದೆ.

ಖಾತರಿ ಮಾಡಿಕೊಳ್ಳಲು ಒಂದು ಡಿಜಿಟಲ್ ತೇವಮಾಪಕ ಕೊಳ್ಳಿ. ಅದು ಸರಿ ತೋರಿಸುತ್ತದೆಯೇ ಎಂದು ಮೊದಲು ಪರೀಕ್ಷಿಸಬೇಕು, ಅದಕ್ಕೂ ಉಪ್ಪೇ ಬೇಕು. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಒದ್ದೆ ಮರಳಿನಷ್ಟು ಹದಕ್ಕೆ ಕೆಲವು ಹನಿ ನೀರು ಹಾಕಿ (ಕರಗಿ ನೀರಾಗಬಾರದು), ಮಾಪಕದ ಜೊತೆ ಜಿಪ್ ಚೀಲದಲ್ಲಿ ಮುಚ್ಚಿ ಒಂದು ರಾತ್ರಿ ಇಡಿ. ಬೆಳಿಗ್ಗೆ 75 ತೋರಿಸಬೇಕು. 70 ಇದ್ದರೆ ನಿಮ್ಮ ಮಾಪಕ ಐದು ಕಡಿಮೆ ಹೇಳುತ್ತದೆ, ಮುಂದೆ ಐದು ಸೇರಿಸಿ ಓದಿಕೊಳ್ಳಿ. ಆಮೇಲೆ ಹತ್ತು ದಿನ ಬೆಳಿಗ್ಗೆ 7ಕ್ಕೆ, ಮಧ್ಯಾಹ್ನ 3ಕ್ಕೆ ಅಂಕಿಯನ್ನೂ ಗೋಡೆಯ ಸ್ಥಿತಿಯನ್ನೂ ಬರೆದಿಡಿ. 75ರ ಆಚೀಚೆ ಗೋಡೆ ಒದ್ದೆಯಾಗಿ ಒಣಗಿ ಆಡುತ್ತಿದ್ದರೆ ಸಂಶಯ ಬೇಡ. ಗೋಡೆಗೆ ಚುಚ್ಚುವ ಮೀಟರ್ ತರುವವರ ಮಾತನ್ನು ಇಲ್ಲಿ ನಂಬಬೇಡಿ. ಉಪ್ಪು ವಿದ್ಯುತ್ ಹಾಯಿಸುವುದರಿಂದ ಒಣಗಿದ ಗೋಡೆಯೂ ಅದರಲ್ಲಿ ಒದ್ದೆ ಎಂದು ಕಾಣುತ್ತದೆ.

ತೆಗೆಯುವುದು ಚಳಿಗಾಲದಲ್ಲಿ. ಪೊರೆ ಬಿಟ್ಟ ಪೇಂಟನ್ನು ನೀರು ಚಿಮುಕಿಸುತ್ತಾ, ಮಾಸ್ಕ್ ಹಾಕಿಕೊಂಡು ಕೆರೆದು ತೆಗೆಯಿರಿ. ಗೋಡೆ ಒಣಗಿ ಉಪ್ಪು ಹೂ ಬಿಟ್ಟ ಮೇಲೆ ಮೆತ್ತನೆಯ ಬ್ರಶ್ಶಿನಿಂದ ಪತ್ರಿಕೆಯ ಮೇಲೆ ಉದುರಿಸಿ ಹೊರಗೆಸೆಯಿರಿ. ತೊಳೆದರೆ ಉಪ್ಪು ಕರಗಿ ಮತ್ತೆ ಒಳಸೇರುತ್ತದೆ. ಉಳಿದದ್ದಕ್ಕೆ ಕಾಗದದ ಪಟ್ಟು: ಬಣ್ಣವಿಲ್ಲದ ಕಾಗದವನ್ನು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ನೆನೆಸಿ ರುಬ್ಬಿ, ಒಂದು ಸೆಂ.ಮೀ. ದಪ್ಪಕ್ಕೆ ಗೋಡೆಗೆ ಮೆತ್ತಿ. ಪಟ್ಟು ಒಣಗುತ್ತಾ ಉಪ್ಪನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಪೂರ್ತಿ ಒಣಗಿದ ಮೇಲೆ ಕಿತ್ತೆಸೆದು ಎರಡು ಮೂರು ಸಲ ಮಾಡಿ.

ಆಮೇಲೆ ಪೇಂಟ್ ಬೇಡ, ಸುಣ್ಣ ಹೊಡೆಯಿರಿ. ಒಂದು ಕಿಲೋ ಸುಟ್ಟ ಸುಣ್ಣಕ್ಕೆ ಸುಮಾರು 5 ಲೀಟರ್ ನೀರು. ಸುಣ್ಣವನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕೇ ಹೊರತು ಸುಣ್ಣದ ಮೇಲೆ ನೀರು ಸುರಿಯಬಾರದು. ಕುದಿದು ಮುಖಕ್ಕೆ ಹಾರುತ್ತದೆ, ಕನ್ನಡಕ ಕಡ್ಡಾಯ. 24 ಗಂಟೆ ಬಿಟ್ಟು ಬಟ್ಟೆಯಲ್ಲಿ ಸೋಸಿ, 10 ಲೀಟರಿಗೆ 40 ಗ್ರಾಂ ಅಂಟು ಬಿಸಿನೀರಿನಲ್ಲಿ ಕರಗಿಸಿ ಸೇರಿಸಿ, ತೆಳ್ಳಗೆ ಮೂರು ಕೈ ಹೊಡೆಯಿರಿ. ಸುಣ್ಣ ಕೈಗೆ ಹತ್ತಬಾರದೆಂದು ಉಪ್ಪು ಹಾಕುವ ಪದ್ಧತಿಯೂ ಇದೆ. ನಿಮ್ಮ ಗೋಡೆಗೆ ಅದು ಬೇಡವೇ ಬೇಡ.

ಪ್ರಶ್ನೆ: ಮಗನ ಕೋಣೆಗೆ ಎಸಿ ಹಾಕಿಸಿದ ಮೇಲೆ ಪಕ್ಕದ ಕೋಣೆಯ ಕಪಾಟಿನ ಹಿಂದೆ ಬೂಷ್ಟು ಶುರುವಾಗಿದೆ. ಮೊದಲು ಇರಲಿಲ್ಲ. (ಮಣಿಪಾಲ)

ಎಸಿ ಕೆಟ್ಟಿಲ್ಲ, ನಡುಗೋಡೆ ತಣ್ಣಗಾಗಿದೆ. ಹೊರಗೆ 30 ಡಿಗ್ರಿ ಸೆಖೆ, ಶೇ. 80 ತೇವಾಂಶ ಇರುವಾಗ 26 ಡಿಗ್ರಿಗಿಂತ ತಣ್ಣಗಿರುವ ಯಾವ ಮೈಯ ಮೇಲೂ ಹನಿ ಕಟ್ಟುತ್ತದೆ. ಮಗ ಎಸಿಯನ್ನು 20ಕ್ಕೆ ಇಟ್ಟು ಮಲಗಿದರೆ ನಡುಗೋಡೆಯ ಈಚೆ ಮೈ ಆ ಗಡಿಗಿಂತ ಕೆಳಗಿಳಿಯಬಹುದು. ಕಪಾಟು ಗೋಡೆಗೆ ಒತ್ತಿಕೊಂಡಿರುವುದರಿಂದ ಅಲ್ಲಿ ಗಾಳಿಯಾಡದೆ ಹನಿ ಒಣಗುವುದಿಲ್ಲ. ಎಸಿಯನ್ನು 26ಕ್ಕೆ ಇಟ್ಟು ಫ್ಯಾನ್ ಹಾಕಿಕೊಳ್ಳಲಿ. ಕಪಾಟನ್ನು ಬೇರೆ ಗೋಡೆಗೆ ಸರಿಸಿ. ಜಾಗವಿಲ್ಲದಿದ್ದರೆ ಗೋಡೆಯಿಂದ ನಾಲ್ಕು ಇಂಚು ಮುಂದಕ್ಕೆ ಎಳೆದು, ಕಾಲಿಗೆ ಮರದ ತುಂಡು ಕೊಟ್ಟು ಎತ್ತಿಡಿ. ಎಸಿಯ ನೀರು ಬಿಡುವ ಪೈಪ್ ಹೊರಗೋಡೆಯ ಬುಡಕ್ಕೇ ತೊಟ್ಟಿಕ್ಕುತ್ತಿದೆಯೇ ಎಂದೂ ನೋಡಿ.

ಪ್ರಶ್ನೆ: ಹಂಚಿನ ಮಾಡು, ಅದರಡಿ ಮರದ ಮುಚ್ಚಿಗೆ. ಮುಚ್ಚಿಗೆಯಲ್ಲಿ ಕಪ್ಪು ಚುಕ್ಕಿ. ಸೋರಿಕೆಯೋ, ಬರೀ ಹವೆಯೋ? (ಕಾರ್ಕಳ)

ಮರಕ್ಕೆ ಚುಚ್ಚುವ ಮೀಟರ್ ಸರಿಯಾದ ಸಾಧನ. ಆರೇಳು ಕಡೆ ಚುಚ್ಚಿ ನೋಡಿ. ನಮ್ಮ ಮಳೆಗಾಲದ ಹವೆಯಲ್ಲಿ ಸೋರದ ಮರವೂ ಶೇ. 17, 18 ತೋರಿಸುತ್ತದೆ, ಅದು ಸಹಜ. ಎಲ್ಲ ಕಡೆ ಹೆಚ್ಚುಕಡಿಮೆ ಅಷ್ಟೇ ಇದ್ದರೆ ಚುಕ್ಕಿ ಮೇಲ್ಮೈಯದು, ಒರೆಸಿದರೆ ಸಾಕು. ಒಂದೇ ಕಡೆ 25 ದಾಟಿದರೆ ಅದರ ಮೇಲಿನ ಹಂಚು ಬಿರುಕು ಬಿಟ್ಟಿದೆ, ಇಲ್ಲವೇ ಜಾರಿದೆ; ಎರಡು ಮಾಡು ಸೇರುವಲ್ಲಿನ ತಗಡನ್ನೂ ನೋಡಿಸಿ. ತೇವ ಶೇ. 20ರ ಮೇಲೇ ನಿಂತರೆ ಮರ ಕುಂಬಾಗುವ ಭಯವಿದೆ, ಆದ್ದರಿಂದ ಹಂಚನ್ನು ಹೊತ್ತ ಮರಗಳಾದ ಪಕ್ಕಾಸು ರೀಪುಗಳನ್ನೂ ಚುಚ್ಚಿ ನೋಡಿ.

ಒಂದು ಮಾತು. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದಾಗಿನಿಂದ ಈ ಹಂಚಿನ ಮಾಡಿನ ಗುಣ ಒಂದೇ: ನೀರನ್ನು ಇಳಿಸುತ್ತದೆ, ಸಂದಿನಿಂದ ಗಾಳಿ ಬಿಡುತ್ತದೆ. ಚುಕ್ಕಿ ಮರೆಮಾಚಲು ಮುಚ್ಚಿಗೆಯಡಿ ಪಿವಿಸಿ ಹಲಗೆ ಹೊಡೆಸಿದರೆ ಆ ಗಾಳಿ ನಿಂತುಹೋಗುತ್ತದೆ.

ಪ್ರಶ್ನೆ: ಅತ್ತೆಗೆ ದಮ್ಮು ಇದೆ. ಬೂಷ್ಟು ತೊಳೆಯಲು ಬ್ಲೀಚಿಂಗ್ ಒಳ್ಳೆಯದೇ? ಸಾಂಬ್ರಾಣಿ ಹೊಗೆ ಹಾಕಿದರೆ ಹೋಗುತ್ತದೆಯೇ? (ಕಾಪು)

ಹೊಗೆಯಿಂದ ಬೂಷ್ಟು ಸಾಯುವುದಿಲ್ಲ, ಅತ್ತೆಯವರ ದಮ್ಮು ಮಾತ್ರ ಹೆಚ್ಚುತ್ತದೆ. ದಯವಿಟ್ಟು ಹಾಕಬೇಡಿ. ತೊಳೆಯುವ ದಿನ ಅವರು ಬೇರೆ ಮನೆಯಲ್ಲಿರಲಿ. ಕಲೆ ಮೂರಡಿಗೆ ಮೂರಡಿಯೊಳಗಿದ್ದರೆ ನೀವೇ ತೊಳೆಯಬಹುದು. ಎನ್-95 ಮಾಸ್ಕ್ (ಬಟ್ಟೆಯದಲ್ಲ), ರಬ್ಬರ್ ಕೈಚೀಲ, ಕಣ್ಣಿಗೆ ಮುಚ್ಚಿದ ಕನ್ನಡಕ ಬೇಕು. ಒಣಗಿರುವಾಗ ಉಜ್ಜಿದರೆ ಬೀಜಕಣ ಮನೆಯೆಲ್ಲ ಹಾರುತ್ತದೆ. ಮೊದಲು ಸಾಬೂನು ನೀರು ಚಿಮುಕಿಸಿ, ಆಮೇಲೆ ಉಜ್ಜಿ, ಬಟ್ಟೆಯಿಂದ ಒರೆಸಿ ಫ್ಯಾನ್ ಹಾಕಿ ಒಂದೆರಡು ದಿನದೊಳಗೆ ಒಣಗಿಸಿ. ಬ್ಲೀಚ್ ಟೈಲ್ಸಿಗೆ ಸರಿ, 4 ಲೀಟರ್ ನೀರಿಗೆ 250 ಮಿ.ಲೀ. ಮೀರದಂತೆ. ಗಾರೆಯ ಗೋಡೆಯಲ್ಲಿ ಅದರ ನೀರು ಒಳಗಿಳಿಯುತ್ತದೆ, ಬಣ್ಣ ಮಾತ್ರ ಮೇಲೆ ಮಾಸುತ್ತದೆ. ಕಕ್ಕಸು ತೊಳೆಯುವ ಆ್ಯಸಿಡ್ ಜೊತೆ ಬ್ಲೀಚ್ ಎಂದೂ ಬೆರೆಸಬೇಡಿ, ಅದರಿಂದ ಏಳುವ ಕ್ಲೋರಿನ್ ಅನಿಲ ಪ್ರಾಣಕ್ಕೇ ಅಪಾಯ.

ಪ್ರಶ್ನೆ: ಚೌತಿಗೆ ಮೊದಲು ಬೂಷ್ಟುನಿರೋಧಕ ಪೇಂಟ್ ಹೊಡೆಸಬಹುದೇ? (ಉಳ್ಳಾಲ)

ಬೇಡ. ಚೌತಿಯ ಹೊತ್ತಿಗೆ ಗೋಡೆಯೊಳಗೆ ನೀರು ತುಂಬಿರುತ್ತದೆ, ಪೇಂಟ್ ಅದನ್ನು ಒಳಗೇ ಕಟ್ಟಿಹಾಕುತ್ತದೆ. ಹಬ್ಬಕ್ಕೆ ತೊಳೆದು ಒರೆಸಿ ಬಿಡಿ. ಜನವರಿಯಲ್ಲಿ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ಮಾಡಿ, ಒಳಗೆ ಹನಿ ಕಟ್ಟದಿದ್ದರೆ ಆಗ ಪೇಂಟರನ್ನು ಕರೆಯಿರಿ. ಪಡುವಣ ಗೋಡೆಗೆ ಪತ್ತನಾಜೆಯೊಳಗೆ (ಸುಮಾರು ಮೇ 24) ತೆಂಗಿನ ಮಡಲಿನ ತಟ್ಟಿಯನ್ನೋ ತಗಡನ್ನೋ ಕಟ್ಟಿಸಿ, ಗೋಡೆಗೂ ಅದಕ್ಕೂ ನಡುವೆ ಒಂದು ಗೇಣು ಜಾಗ ಬಿಟ್ಟು.