ಬೀಳುವ ಭಯಕ್ಕೆ ಕೂತೇಬಿಟ್ಟವರು

ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಮೈಸೂರಿನ ಮಹಿಳೆ, ವಯಸ್ಸು 53. ಲೆಕ್ಕಪತ್ರದ ಕೆಲಸ, ಕೆಲವು ವರ್ಷದಿಂದ ಮನೆಯಿಂದಲೇ. ಬೆಳಗ್ಗೆ ಲ್ಯಾಪ್‌ಟಾಪ್ ಮುಂದೆ ಕೂತರೆ ಊಟಕ್ಕೆ ಏಳುವುದು, ಆಮೇಲೆ ಸಂಜೆವರೆಗೂ ಅದೇ ಕುರ್ಚಿ. ಮುಟ್ಟು ನಿಂತು ಮೂರು ವರ್ಷವಾಗಿತ್ತು. ಬಚ್ಚಲಲ್ಲಿ ಕಾಲು ಜಾರಿ ಕೈಯೂರಿದರು, ಮಣಿಕಟ್ಟು ಮುರಿಯಿತು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದಾಗ ಸೊಂಟದ ಟಿ-ಸ್ಕೋರ್ (ಆರೋಗ್ಯವಂತ ಯುವ ವಯಸ್ಕರ ಮೂಳೆಗೆ ಹೋಲಿಸಿ ಕೊಡುವ ಅಂಕ) ಮೈನಸ್ 1.9 ಬಂತು. ಮೈನಸ್ 1ಕ್ಕಿಂತ ಕೆಳಗಿದ್ದರೆ ಮೂಳೆ ತೆಳುವಾಗುತ್ತಿದೆ ಎಂದರ್ಥ, ಮೈನಸ್ 2.5 ತಲುಪಿದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸುಲಭವಾಗಿ ಮುರಿಯುವಷ್ಟು ಟೊಳ್ಳಾಗಿದೆ ಎಂದು.

ಕೈ ಕೂಡಿಕೊಂಡಿತು, ಭಯ ಹೋಗಲಿಲ್ಲ. ಅವರ ತಾಯಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದವರು ಮತ್ತೆ ಎದ್ದಿರಲಿಲ್ಲ. ಅದನ್ನು ಕಣ್ಣಾರೆ ನೋಡಿದ್ದ ಮಗಳು ಈಗ ಮೆಟ್ಟಿಲು ಹತ್ತುವುದು ಬಿಟ್ಟರು, ಅಂಗಡಿಗೆ ಹೋಗುವುದು ಬಿಟ್ಟರು, ಸ್ನಾನಕ್ಕೂ ಯಜಮಾನರು ಬಾಗಿಲ ಹೊರಗೆ ನಿಂತಿರಬೇಕು. ಮೂಳೆ ಡಾಕ್ಟರೇ ಇದನ್ನು ಗಮನಿಸಿ ಆಪ್ತಸಲಹೆಗೆ ಅಂತ ನನ್ನ ಹತ್ತಿರ ಕಳಿಸಿದರು.

ಗಂಡ ಒಳ್ಳೆಯವರು. "ಒಂದು ಕೊಡ ನೀರೂ ಎತ್ತೋಕೆ ಬಿಡಲ್ಲ ಮೇಡಂ, ಎಲ್ಲಾ ನಾನೇ ಮಾಡ್ತೀನಿ" ಅಂದರು. ಸಮಸ್ಯೆಯ ಅರ್ಧ ಇಲ್ಲೇ ಇತ್ತು. ಪ್ರೀತಿಯಿಂದಲೇ ಮನೆಯವರು ಹೆಂಗಸರನ್ನು ಹೀಗೆ ಕೂರಿಸಿಬಿಡುತ್ತಾರೆ, ಅದು ನನಗೆ ನಿಜವಾಗಿ ಸಂಕಟದ ವಿಷಯ.

ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ. ದೇಹ ಹಳೆ ಮೂಳೆಯನ್ನು ಕರಗಿಸಿ ಹೊಸದನ್ನು ಕಟ್ಟುತ್ತಲೇ ಇರುತ್ತದೆ. ಎಲ್ಲಿ ಭಾರ ಬೀಳುತ್ತದೋ ಅಲ್ಲಿ ಕಟ್ಟುವ ಕೆಲಸ ಜಾಸ್ತಿ, ಭಾರವೇ ಇಲ್ಲದಿದ್ದರೆ ಕರಗುವುದೇ ಜಾಸ್ತಿ. ಟೆನಿಸ್ ಆಟಗಾರರ ರ‍್ಯಾಕೆಟ್ ಹಿಡಿಯುವ ಕೈ ಮೂಳೆ ಇನ್ನೊಂದು ಕೈಯದಕ್ಕಿಂತ ದಪ್ಪ ಇರುತ್ತದೆ. ಬಾಹ್ಯಾಕಾಶದಲ್ಲಿ ಮೈಭಾರವೇ ಇಲ್ಲದೆ ತೇಲುವವರಿಗೆ ಸರಿಯಾದ ವ್ಯಾಯಾಮ ಇಲ್ಲದಿದ್ದರೆ ಸೊಂಟದ ಮೂಳೆ ತಿಂಗಳಿಗೆ ಶೇ 1ರಷ್ಟೋ ಇನ್ನೂ ಸ್ವಲ್ಪ ಹೆಚ್ಚೋ ಕಡಿಮೆಯಾಗುತ್ತದೆ, ಅವರೆಲ್ಲ ಗಟ್ಟಿಮುಟ್ಟಾದ ಆರೋಗ್ಯವಂತರು ಅನ್ನೋದು ನೆನಪಿರಲಿ. ಮುಟ್ಟು ನಿಂತ ಮೊದಲ ಕೆಲವು ವರ್ಷ ಈಸ್ಟ್ರೋಜನ್ ಹಾರ್ಮೋನು ಇಳಿದು ಮೂಳೆ ಹೇಗೂ ಬೇಗ ಸವೆಯುತ್ತದೆ. ಅದರ ಮೇಲೆ ಕುರ್ಚಿಯೂ ಸೇರಿದರೆ? ತೊಡೆಯ ಶಕ್ತಿ ಹೋಗುತ್ತದೆ, ಕಾಲು ತಡವರಿಸುತ್ತದೆ, ಬೀಳುವ ಸಾಧ್ಯತೆ ಹೆಚ್ಚುತ್ತದೆ. ಬೀಳಬಾರದು ಅಂತ ಕೂತಿದ್ದೇ ಬೀಳಿಸುತ್ತದೆ.

ಆಕೆ ಕೇಳಿದರು: "ನಮ್ಮತ್ತೆ ಊರಲ್ಲಿ 76ಕ್ಕೂ ಹುಲ್ಲಿನ ಹೊರೆ ಹೊರ‍್ತಾರಲ್ಲ, ಅದಕ್ಕೇನಾ ಗಟ್ಟಿ ಇರೋದು?" ಸ್ವಲ್ಪ ಮಟ್ಟಿಗೆ ಹೌದು. ಆದರೆ ದುಡಿಯುವ ಹೆಂಗಸರ ಮೂಳೆ ಎಲ್ಲ ಗಟ್ಟಿ ಅಂದುಕೊಳ್ಳಬೇಡಿ. ಹೊಟ್ಟೆಗೆ ಸಾಲದೆ ದುಡಿದವರಿಗೆ, ಚಿಕ್ಕ ವಯಸ್ಸಲ್ಲೇ ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿಕೊಂಡವರಿಗೆ ಎಷ್ಟು ದುಡಿದರೂ ಮೂಳೆ ಸವೆಯುತ್ತದೆ.

ಸಲಹೆಯನ್ನು ಅವರ ಭಯದ ವಿಷಯದಿಂದಲೇ ಶುರುಮಾಡಿದೆ. ಯಾವುದಕ್ಕೆ ಎಷ್ಟು ಹೆದರಿಕೆ, ಹತ್ತಕ್ಕೆ ಅಂಕ ಕೊಡಿ ಅಂದೆ. ಬಚ್ಚಲಿಗೆ ಒಂಬತ್ತು, ಮೆಟ್ಟಿಲಿಗೆ ಏಳು, ಬೀದಿ ಕೊನೆಯ ಅಂಗಡಿಗೆ ನಾಲ್ಕು. ನಾಲ್ಕರದ್ದೇ ಮೊದಲು. ಯಜಮಾನರು ಮೊದಮೊದಲು ಪಕ್ಕದಲ್ಲಿ ನಡೆಯಲಿ, ಆಮೇಲೆ ನಾಲ್ಕು ಹೆಜ್ಜೆ ಹಿಂದೆ, ಆಮೇಲೆ ಗೇಟಿನ ಹತ್ತಿರ ನಿಲ್ಲಲಿ. ಬಚ್ಚಲಿಗೆ ಹಿಡಿಕೆ, ಜಾರದ ಮ್ಯಾಟು, ರಾತ್ರಿ ಒಂದು ದೀಪ. ಇದಕ್ಕೆ ಧೈರ್ಯ ಬೇಕಿಲ್ಲ, ಅದೇ ವಾರ ಮಾಡಿಸಿ ಅಂದೆ.

ವ್ಯಾಯಾಮ ನಾನು ಹೇಳುವುದಲ್ಲ, ಡಾಕ್ಟರ್ ಒಪ್ಪಿ ಫಿಸಿಯೋ ಹೇಳಿಕೊಟ್ಟಿದ್ದು: ಕೈ ಊರದೆ ಕುರ್ಚಿಯಿಂದ ಏಳುವುದು ಕೂರುವುದು, ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ರಬ್ಬರ್ ಬ್ಯಾಂಡ್ ಎಳೆಯುವುದು, ಸ್ವಲ್ಪ ದಿನ ಕಳೆದ ಮೇಲೆ ಸ್ವಲ್ಪ ತೂಕ ಎತ್ತುವುದು. ವಾಕಿಂಗ್ ಒಂದೇ ಸಾಕು ಅಂತ ತುಂಬಾ ಜನ ನಂಬಿದ್ದಾರೆ, ಸಾಕಾಗಲ್ಲ, ಸ್ನಾಯುವಿಗೆ ಭಾರ ಬೀಳುವ ವ್ಯಾಯಾಮ ವಾರಕ್ಕೆ ಎರಡು ದಿನವಾದರೂ ಬೇಕು. ಬೆನ್ನು ಬಾಗಿಸಿ ನೆಲದಿಂದ ಭಾರ ಎತ್ತುವುದು ಮಾತ್ರ ಬೇಡ. ಕೆಲಸದ ನಡುವೆ ಫೋನ್ ಬಂದಾಗಲೆಲ್ಲ ಎದ್ದು ನಿಂತು ಮಾತಾಡಿ ಅಂತ ನಾನು ಸೇರಿಸಿದೆ. ವಿಟಮಿನ್ ಡಿ ಕಡಿಮೆ ಇತ್ತು, ಅದಕ್ಕೆ ಡಾಕ್ಟರೇ ಮಾತ್ರೆ ಕೊಟ್ಟಿದ್ದರು. ಊಟದಲ್ಲಿ ರಾಗಿ, ಮೊಸರು, ಎಳ್ಳು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಮುಟ್ಟು ನಿಂತವರಿಗೆ ದಿನಕ್ಕೆ 1200 ಬೇಕು.

ಮೂರ‍್ನಾಲ್ಕು ತಿಂಗಳಲ್ಲಿ ಸ್ಕ್ಯಾನ್ ಬದಲಾಗಲ್ಲ ಅಂತ ಮೊದಲೇ ಹೇಳಿದ್ದೆ, ಇಲ್ಲದಿದ್ದರೆ ನಿರಾಸೆಯಾಗಿ ಬಿಟ್ಟುಬಿಡುತ್ತಾರೆ. ಕಾಲಿನ ಬಲ ಮಾತ್ರ ಅಷ್ಟರಲ್ಲೇ ಗೊತ್ತಾಗುತ್ತದೆ. ಈಗ ಮಹಡಿಗೆ ಒಬ್ಬರೇ ಹತ್ತಿ ಸಂಡಿಗೆ ಒಣಗಿಸುತ್ತಾರೆ. ಮಳೆಯಲ್ಲಿ ಹೊರಗೆ ಹೋಗಲು ಇನ್ನೂ ಹಿಂಜರಿಕೆ ಇದೆ, ಅದರ ಮೇಲೆ ಕೆಲಸ ನಡೆದಿದೆ.

ಇದನ್ನು ಓದಿ ಇವತ್ತೇ ಶುರುಮಾಡುವವರಿಗೆ ಒಂದು ಮಾತು. ಎತ್ತರ ಕಡಿಮೆಯಾಗಿದ್ದರೆ, ಬೆನ್ನು ಗೂನಾಗುತ್ತಿದ್ದರೆ, ಇದ್ದಕ್ಕಿದ್ದಂತೆ ಬೆನ್ನುನೋವು ಬಂದಿದ್ದರೆ, ನಿಂತಲ್ಲಿಂದ ಬಿದ್ದೇ ಮೂಳೆ ಮುರಿದಿದ್ದರೆ, ವ್ಯಾಯಾಮಕ್ಕೆ ಮೊದಲು ಡಾಕ್ಟರಿಗೆ ತೋರಿಸಿ.