ಕಾಸರಗೋಡಿನ ದ್ವಿಭಾಷಾ ಫಲಕಗಳಲ್ಲಿ ಒಂದೇ ಅಳತೆಯಿದ್ದರೂ ಕನ್ನಡವನ್ನು ಓದುವುದು ಏಕೆ ಕಷ್ಟ?

ತಪ್ಪು ನಿಮ್ಮ ಕಣ್ಣಿನದಲ್ಲ. 1971ರ ಲಿಪಿ ಸುಧಾರಣೆಯ ಬಳಿಕ ಮಲಯಾಳದ ಎಷ್ಟೋ ಕೂಡಕ್ಷರಗಳು ಬಿಡಿಯಾಗಿ ಸಾಲಿನಲ್ಲೇ ಕುಳಿತವು. ಕನ್ನಡದ ಒತ್ತು ಇಂದಿಗೂ ಕೆಳಗೇ ಇಳಿಯುತ್ತದೆ. ಇಬ್ಬರಿಗೂ ಒಂದೇ ಎತ್ತರದ ಪಟ್ಟಿ ಕೊಟ್ಟರೆ, 'ಮಂಜೇಶ್ವರ'ದ ವ-ಒತ್ತಿಗೆ ಜಾಗ ಬಿಡಲು ಉಳಿದ ಅಕ್ಷರಗಳೆಲ್ಲ ಕುಗ್ಗಬೇಕು.

ಇನ್ನೊಂದು ತೊಡಕು ದ, ಧ, ಥಗಳದು. ಧಕ್ಕೆ ಅಡಿಯಲ್ಲೊಂದು ಸೀಳು, ಥಕ್ಕೆ ಜೊತೆಗೆ ಹೊಟ್ಟೆಯೊಳಗೊಂದು ಚುಕ್ಕೆ, ಅಷ್ಟೇ ವ್ಯತ್ಯಾಸ. ಬಣ್ಣ ತುಂಬಿ ಸೀಳು ಮುಚ್ಚಿದರೆ ಮಧೂರು 'ಮದೂರು' ಆಗುತ್ತದೆ. ದೃಷ್ಟಿ ಮಂದವಾದ ಹಿರಿಯರಿಗಂತೂ ಬರೀ ಊಹೆಯೇ ಗತಿ.

ಕನ್ನಡವನ್ನು ತುಸು ದೊಡ್ಡದಾಗಿಸಿ, ಸಾಲಿನ ಅಂತರ ಹೆಚ್ಚಿಸಿ. ಅರ್ಜಿ ನಮೂನೆಗೆ ಎರಡೂ ಲಿಪಿಗಳಿರುವ ನೋಟೋ ಸಾನ್ಸ್ ಎಂಬ ಅಕ್ಷರಶೈಲಿ (ಫಾಂಟ್) ಸಾಕು. ಫಲಕಕ್ಕೆ ಬಾಲೂ ಚೆನ್ನ: ಅದರಲ್ಲಿ ಕನ್ನಡದ್ದು 'ತಮ್ಮ', ಮಲಯಾಳದ್ದು 'ಚೇಟ್ಟನ್', ಅಂದರೆ ಅಣ್ಣ. ನಮ್ಮ ಫಲಕಗಳಲ್ಲೂ ಚೇಟ್ಟನೇ ಮೇಲೆ!