ದೈತ್ಯ ಕುಂಬಳ: ಸ್ವಂತ ಪರಾಗವೋ, ಹೊರಗಿನ ಪರಾಗವೋ?

ಪ್ರಶ್ನೆ: ಕೆನಡಾದ ಒಂಟಾರಿಯೊದಲ್ಲಿ ನೆಲೆಸಿರುವ ನಾನು ಹಿತ್ತಲಿನಲ್ಲಿ ‘ಅಟ್ಲಾಂಟಿಕ್ ಜೈಂಟ್’ ಕುಂಬಳ ಬೆಳೆಯುತ್ತಿದ್ದೇನೆ. ಮೂರು ಬಳ್ಳಿಗಷ್ಟೇ ಜಾಗವಿದೆ. ಬೀಜಕ್ಕಾಗಿ ಬಿಡುವ ಕಾಯಿಗೆ ಅದೇ ಬಳ್ಳಿಯ ಗಂಡುಹೂವಿನ ಪರಾಗ ಕೊಡಬೇಕೇ ಅಥವಾ ಬೇರೆ ಬಳ್ಳಿಯದನ್ನೇ? ಒಳಸಂಕರಣದಿಂದ, ಅಂದರೆ ಸ್ವಂತ ಪರಾಗದಿಂದಲೋ ಹತ್ತಿರದ ಬಂಧುಬಳ್ಳಿಯ ಪರಾಗದಿಂದಲೋ ಬೀಜ ಕಟ್ಟುವುದರಿಂದ, ತಳಿ ಕುಂದುವುದಿಲ್ಲವೇ?

ಉತ್ತರ: ನಿಮ್ಮ ಅಂಜಿಕೆ ಮೆಕ್ಕೆಜೋಳದ ಮಟ್ಟಿಗೆ ಸರಿ, ಕುಂಬಳದ ಮಟ್ಟಿಗೆ ಅಷ್ಟಾಗಿ ಅಲ್ಲ. ಮೆಕ್ಕೆಜೋಳಕ್ಕೆ ಎರಡು ಮೂರು ತಲೆಮಾರು ಸ್ವಕೀಯ ಪರಾಗಸ್ಪರ್ಶ ಮಾಡಿಸಿದರೆ ಗಿಡ ಕುಬ್ಜವಾಗುತ್ತದೆ, ಕುಂಬಳದ ಜಾತಿಯಲ್ಲಿ ಅಂಥ ಕುಸಿತ ಕಡಿಮೆ. ಬಳ್ಳಿಗೆ ಹೆಚ್ಚು ಜಾಗ ಬೇಕಾದ್ದರಿಂದ ರೈತರು ಹಿಂದಿನಿಂದಲೂ ಮನೆಗೆ ನಾಲ್ಕಾರು ಬಳ್ಳಿಗಳನ್ನಷ್ಟೇ ಬೆಳೆಸಿ ಬೀಜ ಹಿಡಿಯುತ್ತಾ ಬಂದಿದ್ದಾರೆ, ಹಾಗಾಗಿ ಕೆಡುಕಿನ ಗುಣಗಳು ಬಹುಪಾಲು ಎಂದೋ ಸೋಸಿಹೋಗಿವೆ ಎಂಬುದು ತಳಿ ವಿಜ್ಞಾನಿಗಳು ಕೊಡುವ ಕಾರಣ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ್ಯದ ವಿಂಡ್ಸರ್‌ನ ರೈತ ಹೊವಾರ್ಡ್ ಡಿಲ್ ಹಳೆಯ ‘ಮ್ಯಾಮತ್’ ಬಗೆಯ ಕುಂಬಳಗಳನ್ನು ವರ್ಷಗಟ್ಟಲೆ ಆಯ್ದು, ಕೂಡಿಸಿ ಈ ತಳಿಯನ್ನು ರೂಪಿಸಿದರು. 1904ರಲ್ಲಿ 403 ಪೌಂಡ್ ತೂಗಿದ ಕುಂಬಳವೇ ಜಗತ್ತಿನ ಬೆರಗಾಗಿದ್ದರೆ, 1981ರಲ್ಲಿ ಡಿಲ್ ಅವರ ಕಾಯಿ 493.5 ಪೌಂಡ್ ತೂಗಿತು. 2023ರಲ್ಲಿ ಅಮೆರಿಕದ ಮಿನ್ನೆಸೋಟಾದ ಬೆಳೆಗಾರರೊಬ್ಬರ ಕಾಯಿ 2,749 ಪೌಂಡ್, ಅಂದರೆ ಸುಮಾರು 1,247 ಕೆ.ಜಿ. ಮುಟ್ಟಿತು. ಈ ಏರಿಕೆಯ ಹಿಂದಿರುವ ಬೀಜಗಳೆಲ್ಲ ಬಹುತೇಕ ಡಿಲ್ ಅವರ ತಳಿಯ ಸಂತಾನವೇ ಆದ್ದರಿಂದ, ಇಂದು ಬೆಳೆಗಾರರು ‘ಕ್ರಾಸ್’ ಎನ್ನುವುದೂ ನಮ್ಮ ಸೋದರಿಕೆಯ ಮದುವೆಯ ಹಾಗೆ ಬಳಗದೊಳಗಿನ ಸಂಬಂಧವೇ. ಹೊರಗಿನ ರಕ್ತ ಎಂಬುದು ಇಲ್ಲಿ ತೀರಾ ವಿರಳ.

ಹಾಗಾದರೆ ಸ್ವಂತ ಪರಾಗದಿಂದ ಏನು ಲಾಭ? ಪ್ರತಿ ತಲೆಮಾರಿಗೂ ಬಳ್ಳಿಯೊಳಗಿನ ಮಿಶ್ರಗುಣ (ತಾಯಿಯಿಂದಲೂ ತಂದೆಯಿಂದಲೂ ಬಂದ ಬೇರೆ ಬೇರೆ ಗುಣಗಳ ಬೆರಕೆ) ಅರ್ಧದಷ್ಟು ಕಡಿಮೆಯಾಗುತ್ತದೆ. ಐದು ತಲೆಮಾರು ಕಳೆದರೆ ಮೊದಲಿದ್ದುದರಲ್ಲಿ ಶೇ 3ರಷ್ಟು ಮಾತ್ರ ಉಳಿಯುತ್ತದೆ. ಆಗ ಆ ಬೀಜಗಳಿಂದ ಏನು ಬರುತ್ತದೆಂದು ಹೆಚ್ಚುಕಡಿಮೆ ಹೇಳಬಹುದು. ಆದರೆ ನಿಮ್ಮಲ್ಲಿ ವರ್ಷಕ್ಕೆ ಒಂದೇ ಬೆಳೆ, ಅದೂ ಮೂರೇ ಬಳ್ಳಿ. ಆಯ್ಕೆಗೆ ಅವಕಾಶವಿಲ್ಲದ ಒಳಸಂಕರಣವು ಒಳ್ಳೆಯದನ್ನು ಸ್ಥಿರಗೊಳಿಸಿದಷ್ಟೇ ಸುಲಭವಾಗಿ ಕೆಟ್ಟದ್ದನ್ನೂ, ಉದಾಹರಣೆಗೆ ಬಲಿಯುವ ಮೊದಲೇ ಕಾಯಿ ಸೀಳುವ ಸ್ವಭಾವವನ್ನೂ, ಸ್ಥಿರಗೊಳಿಸುತ್ತದೆ. ಆದ್ದರಿಂದ ಹಿತ್ತಲಿನ ಬೆಳೆಗಾರರು ಐದಾರು ತಲೆಮಾರಿನ ಶುದ್ಧ ವಂಶ ಕಟ್ಟಲು ಹೋಗುವುದು ನನಗೆ ವಿವೇಕವೆನಿಸುವುದಿಲ್ಲ. ಒಂದು ಬಳ್ಳಿಯನ್ನು ಸ್ವಂತ ಪರಾಗಕ್ಕೆ ಬಿಡಿ. ಇನ್ನೊಂದಕ್ಕೆ, ಹಲವರ ತೋಟಗಳಲ್ಲಿ ಸಂತಾನ ಚೆನ್ನಾಗಿ ಬಂದಿರುವ ಬೇರೆ ಮನೆತನದ ಬಳ್ಳಿಯ ಪರಾಗ ಕೊಡಿ.

‘ಹಲವರ ತೋಟಗಳಲ್ಲಿ’ ಎಂಬುದು ಮುಖ್ಯ. ಬೀಜದ ಪೊಟ್ಟಣದ ಮೇಲೆ ತಾಯಿಕಾಯಿಯ ತೂಕ ಮತ್ತು ಬೆಳೆಗಾರನ ಕುಲನಾಮ ಇರುತ್ತವೆ. ‘2009 ವ್ಯಾಲೇಸ್’ ಎಂದಿದ್ದರೆ 2009 ಇಸವಿಯಲ್ಲ, ಪೌಂಡ್ ಲೆಕ್ಕ. ಆ ಕಾಯಿ ತೂಗಿದ್ದು 2012ರಲ್ಲಿ, ಒಂದು ಅಮೆರಿಕನ್ ಟನ್ (2,000 ಪೌಂಡ್) ದಾಟಿದ ಮೊದಲ ಕುಂಬಳವದು. ಆದರೆ ತಾಯಿಯ ತೂಕದಲ್ಲಿ ಮಣ್ಣು, ಗೊಬ್ಬರ, ಹವೆ, ಆರೈಕೆಗಳ ಪಾಲು ದೊಡ್ಡದು. ಒಬ್ಬರೇ ನಿಪುಣರು ಒಮ್ಮೆ ಬೆಳೆದ ಬೃಹತ್ ಕಾಯಿಯ ಬೀಜಕ್ಕಿಂತ, ಹತ್ತು ಜನರ ಕೈಯಲ್ಲಿ ಒಂದೇ ಸಮನಾಗಿ ಒಳ್ಳೆಯ ಕಾಯಿ ಕೊಟ್ಟ ಸಾಧಾರಣ ತೂಕದ ತಾಯಿಯ ಬೀಜವನ್ನೇ ನಾನು ಆರಿಸುತ್ತೇನೆ.

ಯಾವ ಪರಾಗವಾದರೂ ಜೇನ್ನೊಣಕ್ಕೆ ಬಿಡಬೇಡಿ. ಹೆಣ್ಣುಹೂವಿನ ಮೊಗ್ಗಿನ ತುದಿ ಹಳದಿಗೆ ತಿರುಗಿದ ಸಂಜೆಯೇ ಅದಕ್ಕೂ, ಆರಿಸಿದ ಗಂಡುಮೊಗ್ಗುಗಳಿಗೂ ತೆಳುಬಟ್ಟೆಯ ಚೀಲ ಕಟ್ಟಿ. ಮರುದಿನ ಬಿಸಿಲೇರುವ ಮುನ್ನ ಗಂಡುಹೂವಿನ ದಳಗಳನ್ನು ಕಿತ್ತು, ಉಳಿದ ಕೇಸರದಂಡವನ್ನು (ಪರಾಗವಿರುವ ನಡುಗಂಬ) ಹೆಣ್ಣುಹೂವಿನ ಶಲಾಕಾಗ್ರದ (ಪರಾಗ ಹಿಡಿಯುವ ನಡುಭಾಗ) ಪ್ರತಿಯೊಂದು ಹಾಲೆಗೂ ತಾಗುವಂತೆ ಮೃದುವಾಗಿ ಸವರಿ. ಒಂದು ಹೆಣ್ಣುಹೂವಿಗೆ ಮೂರು ನಾಲ್ಕು ಗಂಡುಹೂವುಗಳಿದ್ದರೆ ಒಳ್ಳೆಯದು. ಮತ್ತೆ ಚೀಲ ಕಟ್ಟಿ, ತಾಯಿಯ ಹೆಸರು ಮೊದಲು, ತಂದೆಯ ಹೆಸರು ಅನಂತರ ಬರೆದ ಚೀಟಿಯನ್ನು ತೊಟ್ಟಿನ ಬಳಿ ತೂಗುಬಿಡಿ.

ಪ್ರಶ್ನೆ: ಗಂಡುಹೂವು ದಾಖಲೆಯ ತಳಿಯದ್ದಾದರೆ ಈ ವರ್ಷದ ಕಾಯಿಯೇ ದೊಡ್ಡದಾಗುತ್ತದೆಯೇ?

ಉತ್ತರ: ಇಲ್ಲ. ಕಾಯಿಯ ತಿರುಳೂ ಸಿಪ್ಪೆಯೂ ತಾಯಿಬಳ್ಳಿಯ ಅಂಗಾಂಶ. ತಂದೆಯ ಗುಣ ಸೇರುವುದು ಬೀಜದೊಳಗೆ. ಅದರ ಫಲ ಕಾಣುವುದು ಮುಂದಿನ ವರ್ಷ.

ಪ್ರಶ್ನೆ: ಹಾಸನದ ನಮ್ಮ ತೋಟದಲ್ಲಿ ದೈತ್ಯ ಕುಂಬಳವನ್ನು ನಮ್ಮ ಸಿಹಿಗುಂಬಳದೊಂದಿಗೆ ಕೂಡಿಸಿ ದೊಡ್ಡ ಕಾಯಿ ಪಡೆಯಬಹುದೇ?

ಉತ್ತರ: ನಿಮ್ಮಲ್ಲಿರುವುದು ಯಾವ ಪ್ರಭೇದವೆಂದು ಮೊದಲು ನೋಡಿ. ಅಟ್ಲಾಂಟಿಕ್ ಜೈಂಟ್ ‘ಕುಕುರ್ಬಿಟಾ ಮ್ಯಾಕ್ಸಿಮಾ’ ಪ್ರಭೇದದ್ದು. ನಮ್ಮಲ್ಲಿ ಹೆಚ್ಚಾಗಿ ಬೆಳೆಯುವ, ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್ ಕೂಡ ಸೇರುವ ‘ಮೊಸ್ಕಾಟಾ’ ಬೇರೆ ಪ್ರಭೇದ. ಇವೆರಡರ ನಡುವೆ ಬೀಜ ಕಟ್ಟುವುದು ಕಷ್ಟ, ಕಟ್ಟಿದರೂ ಸಂಕರ ಬಳ್ಳಿಯ ಗಂಡುಹೂವು ಸಾಮಾನ್ಯವಾಗಿ ಬಂಜೆ. ಅದೇ ಸಂಸ್ಥೆಯ ಅರ್ಕಾ ಸೂರ್ಯಮುಖಿ ಮ್ಯಾಕ್ಸಿಮಾ ಆದ್ದರಿಂದ ಸುಲಭವಾಗಿ ಕೂಡುತ್ತದೆ, ಆದರೆ ಅದರ ಕಾಯಿ ಒಂದು ಕಿಲೋ ಆಸುಪಾಸಿನದು. ಇಂಥ ಜೋಡಿಯಲ್ಲಿ ಮೊದಲ ತಲೆಮಾರಿನ ತೂಕ ಸರಾಸರಿಯಲ್ಲಿ ನಿಲ್ಲದೆ ಚಿಕ್ಕ ಕಾಯಿಯ ಕಡೆಗೇ ವಾಲುತ್ತದೆ. ರೋಗಸಹನೆಯಂಥ ಗುಣ ಬೇಕೆಂದೇ ಕೂಡಿಸಿದರೆ, ಅನಂತರ ಮೂರು ನಾಲ್ಕು ಬಾರಿ ದೈತ್ಯ ತಳಿಗೇ ಮರುಸಂಕರಣ ಮಾಡಬೇಕಾಗುತ್ತದೆ, ಅಂದರೆ ಸಂಕರ ಬಳ್ಳಿಯನ್ನು ಮತ್ತೆ ದೈತ್ಯ ತಳಿಯೊಂದಿಗೇ ಕೂಡಿಸಬೇಕಾಗುತ್ತದೆ. ಒಂಟಾರಿಯೊದ ಬೇಸಿಗೆಯಲ್ಲಿ 15 ಗಂಟೆಯ ಹಗಲಿರುತ್ತದೆ, ಹಾಸನದಲ್ಲಿ 13 ಗಂಟೆ ದಾಟದು. ಹೀಗಾಗಿ ಅಲ್ಲಿನ ತೂಕವನ್ನು ಗುರಿಯಾಗಿಟ್ಟುಕೊಳ್ಳಬೇಡಿ.